ಕಲ್ಲಿನ ಕಡತವನ್ನು ಓದಿದ ಮಹನೀಯ: ರಾಬರ್ಟ್ ಬ್ರೂಸ್ ಫೂಟ್

ನಮ್ಮ ಸೀಮೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ರಾಯದುರ್ಗದ ಕೋಟೆ ನಿಂತಿರುವುದು ಬಂಡೆಗಳ ಮೇಲೆ. ಆದವಾನಿಯ ಕೋಟೆಯೂ ಹಾಗೆಯೇ. ಬಳ್ಳಾರಿಯ ಗುಡ್ಡವಂತೂ ಬಯಲಿನ ನಡುವೆ ಯಾರೋ ಹೊತ್ತು ತಂದಿಟ್ಟಂತೆ ಕುಳಿತಿದೆ. ರೈತನಿಗೆ ಕಲ್ಲು ನೇಗಿಲಿಗೆ ಅಡ್ಡಿ, ಕಲ್ಲುಕುಟಿಗನಿಗೆ ಅನ್ನ, ಭಕ್ತನಿಗೆ ದೇವರು, ಶಾಲೆಯ ಮಕ್ಕಳಿಗೆ ಆಟದ ಸಾಮಗ್ರಿ. ಆದರೆ ಇದೇ ಕಲ್ಲು ಒಂದು ಬರಹವೂ ಹೌದು, ಓದಬಲ್ಲವರಿಗೆ ಅದು ನೆಲದ ಹಳೆಯ ಕಡತವನ್ನು ಬಿಚ್ಚಿ ತೋರಿಸುತ್ತದೆ ಎಂಬುದನ್ನು ದಕ್ಷಿಣ ಭಾರತಕ್ಕೆ ಕಲಿಸಿಕೊಟ್ಟವರಲ್ಲಿ ಅಗ್ರಗಣ್ಯರು ರಾಬರ್ಟ್ ಬ್ರೂಸ್ ಫೂಟ್.

ಅವರು ಆಂಗ್ಲರು, ಪರದೇಶದ ಸರ್ಕಾರದ ಸೇವಕರಾಗಿ ಬಂದವರು. ಆದರೂ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅವರ ಬಾಳನ್ನು ನೆನೆಯಲು ಸಕಾರಣವಿದೆ. ಆದವಾನಿ, ಆಲೂರು, ರಾಯದುರ್ಗ, ಬಳ್ಳಾರಿ, ಹೊಸಪೇಟೆ ಇವೆಲ್ಲ ಒಂದೇ ಜಿಲ್ಲೆಯಾಗಿದ್ದ ಕಾಲದಲ್ಲಿ ಈ ನೆಲವನ್ನು ಕಾಲ್ನಡಿಗೆಯಲ್ಲಿ ಅಳೆದು, ಅದರ ಕಲ್ಲುಗಳ ವಂಶಾವಳಿಯನ್ನು ಬರೆದಿಟ್ಟವರು ಅವರು. ನಾವು ದಿನನಿತ್ಯ ತುಳಿಯುವ ಮಣ್ಣಿನ ಮೊದಲ ಚರಿತ್ರಕಾರರೆಂದು ಅವರನ್ನು ಕರೆದರೆ ಅತಿಶಯವಾಗದು.

ಜನನ ಮತ್ತು ಸೇವಾರಂಭ

ಫೂಟ್ ಅವರು ಜನಿಸಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಎಂಬ ಊರಿನಲ್ಲಿ. ಭೂಗರ್ಭಶಾಸ್ತ್ರವು ಯೂರೋಪಿನಲ್ಲಿ ಹೊಸ ಹುರುಪಿನಿಂದ ಬೆಳೆಯುತ್ತಿದ್ದ ಕಾಲವದು. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷಗಳೆಂಬ ನಂಬಿಕೆ ಅಲ್ಲಿ ಕುಸಿಯುತ್ತಿತ್ತು. ಪದರ ಪದರವಾಗಿ ಬಿದ್ದಿರುವ ಶಿಲೆಗಳು ಊಹೆಗೆ ನಿಲುಕದಷ್ಟು ದೀರ್ಘವಾದ ಕಾಲಕ್ಕೆ ಸಾಕ್ಷಿಯೆಂದು ವಿದ್ವಾಂಸರು ಒಪ್ಪತೊಡಗಿದ್ದರು.

ಭಾರತದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಆರಂಭವಾದದ್ದು 1851ರಲ್ಲಿ, ಕಲ್ಕತ್ತೆಯಲ್ಲಿ, ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ. ಅದರ ಹುಟ್ಟಿಗೆ ಕೇವಲ ಜ್ಞಾನದಾಹ ಕಾರಣವಾಗಿರಲಿಲ್ಲ. ಉಗಿಹಡಗು ಮತ್ತು ರೈಲುಗಾಡಿಗಳಿಗೆ ಕಲ್ಲಿದ್ದಲು ಬೇಕಾಗಿತ್ತು. ಆಳುವವರಿಗೆ ತಮ್ಮ ಅಧೀನದ ನೆಲದಡಿಯಲ್ಲಿ ಏನಿದೆಯೆಂಬ ಲೆಕ್ಕ ಬೇಕಾಗಿತ್ತು. ಈ ಇಲಾಖೆಗೆ 1858ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಫೂಟ್ ಅವರು ಸೇರಿದರು. ಕಂಪನಿಯ ಆಳ್ವಿಕೆ ಕೊನೆಗೊಂಡು ಭಾರತವು ನೇರವಾಗಿ ರಾಣಿಯ ಆಡಳಿತಕ್ಕೆ ಒಳಪಟ್ಟ ವರ್ಷವೂ ಅದೇ. ಅವರನ್ನು ಮದರಾಸು ಪ್ರಾಂತಕ್ಕೆ ನಿಯೋಜಿಸಲಾಯಿತು. ಅಲ್ಲಿಂದ ಮೂವತ್ಮೂರು ವರ್ಷ ಅವರ ಬದುಕು ಗುಡಾರ, ಎತ್ತಿನ ಗಾಡಿ, ಕುದುರೆ ಮತ್ತು ಸುತ್ತಿಗೆಗಳ ನಡುವೆ ಕಳೆಯಿತು.

ಸರ್ವೇಕ್ಷಣೆಯ ಕೆಲಸದ ಕ್ರಮವನ್ನು ಇಂದಿನ ವಿದ್ಯಾರ್ಥಿಗಳು ಅರಿಯಬೇಕು. ಮಳೆಗಾಲ ಮುಗಿದೊಡನೆ ಹೊರಡಬೇಕು. ಬಿಸಿಲು ಬಲಿಯುವವರೆಗೆ ಹಳ್ಳಿಯಿಂದ ಹಳ್ಳಿಗೆ ಗುಡಾರ ಸಾಗಿಸುತ್ತ ನಡೆಯಬೇಕು. ಹಳ್ಳದ ಕೊರಕಲು, ಬಾವಿಯ ಗೋಡೆ, ಗುಡ್ಡದ ನೆತ್ತಿ ಎಲ್ಲೆಲ್ಲಿ ಕಲ್ಲು ಬಯಲಾಗಿದೆಯೋ ಅಲ್ಲಲ್ಲಿ ನಿಂತು ಅದರ ಜಾತಿ, ಅದು ವಾಲಿರುವ ದಿಕ್ಕು, ವಾಲಿಕೆಯ ಪ್ರಮಾಣಗಳನ್ನು ಗುರುತಿಸಿ ನಕ್ಷೆಗೆ ಇಳಿಸಬೇಕು. ಬೇಸಿಗೆ ಬಂದಾಗ ಕಚೇರಿಗೆ ಮರಳಿ ವರದಿ ಬರೆಯಬೇಕು. ಹೀಗೆ ಒಂದು ಜಿಲ್ಲೆಯ ನಕ್ಷೆ ಮುಗಿಯಲು ಹಲವು ಋತುಗಳು ಬೇಕಾಗುತ್ತಿದ್ದವು. ಈ ದುಡಿಮೆಯಲ್ಲಿ ಗಾಡಿ ಹೊಡೆದವರು, ಗುಡಾರ ಹೊತ್ತವರು, ದಾರಿ ತೋರಿಸಿದವರು, ಯಾವ ಗುಡ್ಡದಲ್ಲಿ ಯಾವ ಕಲ್ಲಿದೆಯೆಂದು ಬಲ್ಲ ಊರ ಹಿರಿಯರು ಎಲ್ಲರೂ ನಮ್ಮವರೇ. ನಕ್ಷೆಯ ಮೂಲೆಯಲ್ಲಿ ಅಚ್ಚಾದದ್ದು ಅಧಿಕಾರಿಯ ಹೆಸರು ಮಾತ್ರ. ಫೂಟ್ ಅವರ ಕೀರ್ತಿಯನ್ನು ನೆನೆಯುವಾಗ ಹೆಸರಿಲ್ಲದ ಈ ಸಹಾಯಕರನ್ನೂ ನೆನೆಯುವುದು ನ್ಯಾಯ.

ಫೂಟ್ ಅವರು ವಿವಾಹವಾದದ್ದು ರೆವರೆಂಡ್ ಪೀಟರ್ ಪರ್ಸಿವಲ್ ಅವರ ಮಗಳನ್ನು. ಪರ್ಸಿವಲ್ ಅವರು ಜಾಫ್ನಾದಲ್ಲಿಯೂ ಮದರಾಸಿನಲ್ಲಿಯೂ ಕೆಲಸ ಮಾಡಿದ, ತಮಿಳನ್ನು ಆಳವಾಗಿ ಬಲ್ಲ ಪಂಡಿತರು. ಹೀಗೆ ಫೂಟ್ ಅವರ ನಂಟು ಈ ನಾಡಿನ ಕಲ್ಲಿನೊಡನೆ ಮಾತ್ರವಲ್ಲದೆ ಈ ನಾಡಿನ ನುಡಿಗಳನ್ನು ಕಲಿತ ಮನೆತನದೊಡನೆಯೂ ಬೆಳೆಯಿತು.

ಪಲ್ಲಾವರದ ಒಂದು ಕಲ್ಲು

1863ರ ಮೇ 30. ಮದರಾಸಿನ ಹೊರವಲಯದ ಪಲ್ಲಾವರದಲ್ಲಿ, ಸೈನಿಕರ ಕವಾಯತು ಮೈದಾನದ ಬಳಿ ಜಲ್ಲಿಗಾಗಿ ತೋಡಿದ್ದ ಒಂದು ಗುಂಡಿ. ಅಲ್ಲಿನ ಜಂಬಿಟ್ಟಿಗೆಯ ಗರಸಿನಲ್ಲಿ ಫೂಟ್ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ನೂರಾರು ಜನ ಆ ಗುಂಡಿಯ ಪಕ್ಕದಲ್ಲಿ ಹಾದುಹೋಗಿದ್ದರು; ಅಗೆದವರ ಕೈಯಲ್ಲಿಯೂ ಅಂಥ ಕಲ್ಲುಗಳು ಹೊರಳಿರಬೇಕು. ಆದರೆ ಆ ಕ್ವಾರ್ಟ್ಸೈಟ್ ಕಲ್ಲಿನ ಅಂಚು ತಾನಾಗಿ ಒಡೆದದ್ದಲ್ಲ, ಯಾರೋ ಬೇಕೆಂದೇ ಚಕ್ಕೆ ಎಬ್ಬಿಸಿ ಹರಿತಗೊಳಿಸಿದ್ದು ಎಂಬುದನ್ನು ಗುರುತಿಸಿದವರು ಅವರು. ಭಾರತದಲ್ಲಿ ಹಳೆಯ ಶಿಲಾಯುಗದ ಮಾನವನ ಆಯುಧವೊಂದನ್ನು ಶಾಸ್ತ್ರೀಯವಾಗಿ ಗುರುತಿಸಿದ ಮೊದಲ ಸಂದರ್ಭವೆಂದು ವಿದ್ವತ್ಪ್ರಪಂಚ ಈ ದಿನವನ್ನು ಇಂದಿಗೂ ನೆನೆಯುತ್ತದೆ.

ಈ ಗುರುತಿಸುವಿಕೆಯ ಹಿಂದೆ ಸಿದ್ಧತೆಯಿತ್ತು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ದೊರೆತಿದ್ದ ಕಲ್ಲಿನ ಕೈಗೊಡಲಿಗಳು ನಿಜಕ್ಕೂ ಬಹು ಪ್ರಾಚೀನ ಮಾನವನವೇ ಎಂಬುದನ್ನು ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ವಿದ್ವಾಂಸರು 1859ರಲ್ಲಿ ಸ್ಥಳಪರೀಕ್ಷೆಯಿಂದ ದೃಢಪಡಿಸಿದ್ದರು. ಆ ಸುದ್ದಿಯ ಬೆಲೆಯನ್ನು ಅರಿತಿದ್ದ ಫೂಟ್ ಅವರು, ಯೂರೋಪಿನಲ್ಲಿ ದೊರೆತದ್ದು ಇಲ್ಲಿಯೂ ದೊರೆಯಬಾರದೇಕೆ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯುತ್ತಿದ್ದರು. ಕಣ್ಣು ನೋಡುವುದು ಮನಸ್ಸು ಕಲಿತದ್ದನ್ನು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬ ಹಳ್ಳಿಯ ಬಳಿ ಇನ್ನೂ ಸಮೃದ್ಧವಾದ ನೆಲೆಯೊಂದು ಅವರಿಗೆ ದೊರೆಯಿತು. ಅಲ್ಲಿ ಕೈಗೊಡಲಿಗಳು ಮಣ್ಣಿನ ಪದರಗಳಲ್ಲಿಯೇ ಹುದುಗಿದ್ದವು. ಈ ಶೋಧಗಳ ವಿವರವನ್ನು ಅವರು 1866ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1868ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಾಗೈತಿಹಾಸಿಕ ಸಮ್ಮೇಳನದ ಮುಂದಿಟ್ಟರು. ಅತ್ತಿರಂಪಾಕ್ಕಂನ ಮಹತ್ವ ಅಲ್ಲಿಗೇ ಮುಗಿಯಲಿಲ್ಲ. ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ಅದೇ ನೆಲೆಯಲ್ಲಿ ನಡೆಸಿದ ಉತ್ಖನನದ ಫಲವಾಗಿ, ಅಲ್ಲಿನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾಯಿತು. ಫೂಟ್ ಅವರು ಬೆರಳಿಟ್ಟು ತೋರಿಸಿದ ನೆಲ ಒಂದೂವರೆ ಶತಮಾನದ ನಂತರವೂ ಹೊಸ ಮಾತನ್ನು ಹೇಳಿತು.

ಕನ್ನಡ ನಾಡಿನ ಪ್ರವೇಶ

ತಮಿಳು ಸೀಮೆಯ ಜಿಲ್ಲೆಗಳ ಕೆಲಸದ ನಂತರ ಫೂಟ್ ಅವರು ಆಗಿನ ಮುಂಬಯಿ ಪ್ರಾಂತದ ದಕ್ಷಿಣ ಭಾಗಕ್ಕೆ, ಅಂದರೆ ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳಿಗೆ ಬಂದರು. ಆಂಗ್ಲರ ದಾಖಲೆಗಳಲ್ಲಿ ಈ ಪ್ರದೇಶಕ್ಕೆ ದಕ್ಷಿಣ ಮರಾಠಾ ಸೀಮೆಯೆಂದು ಹೆಸರು. ನೆಲದ ಜನರ ಮಾತು ಬಹುಪಾಲು ಕನ್ನಡ. ಈ ಸೀಮೆಯ ಕುರಿತ ಅವರ ಬೃಹತ್ ವರದಿ ಅಚ್ಚಾದದ್ದು 1876ರಲ್ಲಿ.

ಬಾಗಲಕೋಟೆಯ ಸುತ್ತ ಹರಡಿರುವ ಮರಳುಶಿಲೆ, ಸುಣ್ಣಕಲ್ಲು, ಜೇಡುಶಿಲೆಗಳ ಪದರಗಳನ್ನು ಬೇರೆಯೇ ಒಂದು ಕುಲವೆಂದು ಗುರುತಿಸಿ, ಆಗ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯ ಹೆಸರನ್ನು ಅವರು ಅವುಗಳಿಗೆ ಇಟ್ಟರು. ಚಾಲುಕ್ಯರ ಶಿಲ್ಪಿಗಳು ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಬಂಡೆ, ಘಟಪ್ರಭೆ ಗೋಕಾಕದಲ್ಲಿ ಧುಮುಕುವ ಬಂಡೆ ಎರಡೂ ಈ ಶಿಲಾನೆಲೆಗೆ ಸೇರಿದವು. ಉತ್ತರಕ್ಕೆ ಸಾಗಿದಂತೆ ವಿಜಯಪುರದಿಂದ ಮುಂದೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳವರೆಗೆ ಎಲ್ಲವನ್ನೂ ಮುಚ್ಚಿರುವುದು ಪ್ರಾಚೀನ ಲಾವಾರಸ ಹೆಪ್ಪುಗಟ್ಟಿದ ಕಪ್ಪುಶಿಲೆ. ಈ ಲಾವಾ ಹಾಸಿನ ದಕ್ಷಿಣದ ಅಂಚು ಎಲ್ಲಿ ಮುಗಿಯುತ್ತದೆ, ಅದರಡಿಯಿಂದ ಹಳೆಯ ಶಿಲೆಗಳು ಎಲ್ಲಿ ತಲೆಯೆತ್ತುತ್ತವೆ ಎಂಬುದನ್ನು ಅವರು ನಕ್ಷೆಯ ಮೇಲೆ ಗೆರೆಯಾಗಿ ಎಳೆದರು.

ಇದೇ ಸಂಚಾರದಲ್ಲಿ ಗೋಕಾಕದ ಬಳಿಯ ಚಿಕ್ಕದೌಲಿ ಎಂಬಲ್ಲಿ ನಶಿಸಿಹೋದ ಘೇಂಡಾಮೃಗವೊಂದರ ಪಳೆಯುಳಿಕೆ ಅವರಿಗೆ ದೊರೆಯಿತು. ಅದನ್ನು ಹೊಸ ಪ್ರಭೇದವೆಂದು ವಿವರಿಸಿ, ದಖ್ಖನ್ನಿನ ಹೆಸರನ್ನೇ ಅದಕ್ಕಿತ್ತು 1874ರಲ್ಲಿ ಪ್ರಕಟಿಸಿದರು. ಒಮ್ಮೆ ಘಟಪ್ರಭೆಯ ಸೀಮೆಯಲ್ಲಿ ಘೇಂಡಾಮೃಗಗಳು ಮೇಯುತ್ತಿದ್ದವೆಂದು ಇಂದಿನ ಮಕ್ಕಳಿಗೆ ಹೇಳಿದರೆ ಕಟ್ಟುಕಥೆಯೆಂದಾರು. ಮೂಳೆ ಮಾತ್ರ ಸುಳ್ಳಾಡುವುದಿಲ್ಲ.

ಬಿಳ್ಳಸುರ್ಗದ ಗವಿಗಳು

1883ರಲ್ಲಿ ಕರ್ನೂಲು ಸೀಮೆಯ ಬೇತಂಚೆರ್ಲದ ಬಳಿಯ ಬಿಳ್ಳಸುರ್ಗಂ ಗವಿಗಳನ್ನು ಅಗೆಯುವ ಕೆಲಸ ಅವರ ಪಾಲಿಗೆ ಬಂತು. ಈ ಸುಣ್ಣಕಲ್ಲಿನ ಗವಿಗಳಲ್ಲಿ ಪ್ರಾಣಿಗಳ ಮೂಳೆಗಳಿವೆಯೆಂದು ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಅಧಿಕಾರಿ 1844ರಲ್ಲಿಯೇ ತಿಳಿಸಿದ್ದರು. ಆದರೆ ಆ ಸುಳಿವನ್ನು ಯಾರೂ ಬೆನ್ನಟ್ಟಿರಲಿಲ್ಲ. ಫೂಟ್ ಅವರು ಆರಂಭಿಸಿದ ಅಗೆತವನ್ನು ಸೇನೆಯಲ್ಲಿ ಅಧಿಕಾರಿಯಾಗಿದ್ದ ಅವರ ಮಗ ಹೆನ್ರಿ ಮುಂದುವರಿಸಿದರು. ನಶಿಸಿದ ಪ್ರಾಣಿಗಳ ಮೂಳೆಗಳ ಜೊತೆಗೆ, ಮನುಷ್ಯನು ಕೆತ್ತಿ ಆಯುಧ ಮಾಡಿಕೊಂಡ ಮೂಳೆಗಳೂ ಅಲ್ಲಿವೆಯೆಂದು ಫೂಟ್ ಅವರು ಸಾರಿದರು. ಇದನ್ನು ಬಹುಕಾಲ ಸಂಶಯದಿಂದಲೇ ಕಂಡವರುಂಟು. 1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿ ಅವರು ಅದೇ ಕರ್ನೂಲು ಸೀಮೆಯ ಇನ್ನೊಂದು ಗವಿಯಲ್ಲಿ ಮೂಳೆಯ ಆಯುಧಗಳನ್ನು ಕಂಡಾಗ ಫೂಟ್ ಅವರ ಮಾತಿಗೆ ಬಲ ಬಂತು.

ಧಾರವಾಡದ ಹೆಸರು ಜಗತ್ತಿಗೆ

ಭೂಗರ್ಭಶಾಸ್ತ್ರದಲ್ಲಿ ಫೂಟ್ ಅವರ ಅತ್ಯಂತ ದೊಡ್ಡ ಸಾಧನೆಯನ್ನು ಹೇಳಬೇಕಾದರೆ ಧಾರವಾಡ ಶಿಲಾಸಮುದಾಯವನ್ನು ಹೇಳಬೇಕು. ಅವರಿಗೆ ಮೊದಲು ದಕ್ಷಿಣದ ಹಳೆಯ ಸ್ಫಟಿಕಶಿಲೆಗಳನ್ನೆಲ್ಲ ಒಂದೇ ರಾಶಿಯೆಂದು ಎಣಿಸುವುದು ವಾಡಿಕೆಯಾಗಿತ್ತು. ವರ್ಷಗಟ್ಟಲೆ ನಡೆದು ನೋಡಿದ ಫೂಟ್ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಕಣಶಿಲೆ ಮತ್ತು ನೈಸ್ ಶಿಲೆಗಳ ವಿಶಾಲವಾದ ಬಯಲಿನ ನಡುವೆ, ಸುಮಾರಾಗಿ ಉತ್ತರ–ದಕ್ಷಿಣವಾಗಿ ಚಾಚಿಕೊಂಡ ಉದ್ದುದ್ದನೆಯ ಪಟ್ಟಿಗಳಲ್ಲಿ ಬೇರೊಂದು ಜಾತಿಯ ಶಿಲೆಗಳಿವೆ. ಹಸಿರು ಛಾಯೆಯ ಪದರುಶಿಲೆಗಳು, ಪ್ರಾಚೀನ ಲಾವಾ, ಬೆಣಚಿನ ಪದರಗಳು, ಕಬ್ಬಿಣದ ಗೆರೆಗಳುಳ್ಳ ಕಲ್ಲುಗಳು ಒತ್ತಡಕ್ಕೆ ಸಿಕ್ಕ ಕಂಬಳಿಯಂತೆ ಮಡಿಚಿಕೊಂಡು, ಆ ಮಡಿಕೆಗಳ ತಳ ಮಾತ್ರ ಸವೆಯದೆ ಇಂದಿಗೂ ಉಳಿದಿವೆ. ಇವು ಸುತ್ತಲಿನ ನೈಸ್ ಶಿಲೆಗಿಂತ ಭಿನ್ನವಾದವು ಎಂದು ನಿರ್ಣಯಿಸಿ, 1880ರ ದಶಕದ ತಮ್ಮ ಲೇಖನಗಳಲ್ಲಿ ಅವುಗಳಿಗೆ ಧಾರವಾಡದ ಹೆಸರನ್ನು ಕೊಟ್ಟರು. ಕೋಲಾರದ ಪಟ್ಟಿ, ಪೆನ್ನಾರ್–ಹಗರಿ ಪಟ್ಟಿ, ಸಂಡೂರಿನ ಪಟ್ಟಿ, ದಂಬಳದಿಂದ ಚಿಕ್ಕನಾಯಕನಹಳ್ಳಿಯವರೆಗಿನ ಪಟ್ಟಿ ಎಂದು ಒಂದೊಂದನ್ನೂ ಬೇರ್ಪಡಿಸಿ ವರ್ಣಿಸಿದರು.

ಇದು ಕೇವಲ ಹೆಸರಿಡುವ ಕೆಲಸವಾಗಿರಲಿಲ್ಲ. ಗದಗ ಸೀಮೆಯ ದಂಬಳದ ಗುಡ್ಡಗಳ ಚಿನ್ನದ ಬಗ್ಗೆ ಅವರು 1874ರಲ್ಲಿಯೇ ಬರೆದಿದ್ದರು. ಮೈಸೂರಿನ ಚಿನ್ನದ ನೆಲೆಗಳ ಬಗ್ಗೆ 1882ರಲ್ಲಿ ಬರೆದರು. ಎಲ್ಲಿ ಚಿನ್ನವಿದೆಯೋ ಅಲ್ಲಿ ಈ ಧಾರವಾಡ ಶಿಲೆಗಳಿವೆ. ಆದ್ದರಿಂದ ಚಿನ್ನ ಹುಡುಕುವವರು ಈ ಪಟ್ಟಿಗಳನ್ನೇ ಹುಡುಕಬೇಕು ಎಂಬ ಸೂತ್ರ ಅವರ ಬರಹಗಳಿಂದ ಸ್ಪಷ್ಟವಾಯಿತು. ಈ ಶಿಲೆಗಳ ವಯಸ್ಸನ್ನು ಅಳೆಯುವ ಉಪಕರಣಗಳು ಅವರ ಕಾಲದಲ್ಲಿ ಇರಲಿಲ್ಲ. ಇಂದು ಅವುಗಳ ಬಹುಭಾಗ ಸುಮಾರು 290 ಕೋಟಿಯಿಂದ 260 ಕೋಟಿ ವರ್ಷಗಳಷ್ಟು ಹಳೆಯವೆಂದೂ, ಅಡಿಯ ನೈಸ್ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷಗಳನ್ನೂ ಮೀರಿದವೆಂದೂ ತಿಳಿದಿದೆ. ಭೂಮಿಯ ಆದಿಕಾಲವನ್ನು ಅಭ್ಯಸಿಸುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಇಂದು ಧಾರವಾಡದ ಹೆಸರನ್ನು ಉಚ್ಚರಿಸಲೇಬೇಕು. ಕನ್ನಡದ ಊರೊಂದರ ಹೆಸರು ವಿಶ್ವದ ವಿಜ್ಞಾನ ಗ್ರಂಥಗಳಲ್ಲಿ ನೆಲೆಗೊಂಡದ್ದು ಹೀಗೆ.

ಬಳ್ಳಾರಿ ಜಿಲ್ಲೆಯ ವರದಿ

ನಮಗೆ ಅತ್ಯಂತ ಹತ್ತಿರದ ಅಧ್ಯಾಯವೆಂದರೆ ಬಳ್ಳಾರಿ ಜಿಲ್ಲೆಯ ಸರ್ವೇಕ್ಷಣೆ. ಅನಂತಪುರವನ್ನು 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆ ಮಾಡಿದ ಮೇಲೂ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಲ್ಲಿಯೇ ಉಳಿದಿದ್ದವು. ಧಾತು, ಈಶ್ವರ ಸಂವತ್ಸರಗಳ ಭೀಕರ ಬರ 1876ರಿಂದ 1878ರವರೆಗೆ ಈ ಜಿಲ್ಲೆಯನ್ನು ಹಿಂಡಿತ್ತು. ಅದರ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಫೂಟ್ ಅವರು ಈ ಹಳ್ಳಿಗಳ ನಡುವೆ ಗುಡಾರ ಹಾಕಿದರು. ಅವರ ಪರಿಶ್ರಮದ ಫಲವಾದ ಬಳ್ಳಾರಿ ಜಿಲ್ಲೆಯ ಭೂಗರ್ಭ ವರದಿ 1895ರಲ್ಲಿ ಪ್ರಕಟವಾಯಿತು.

ಆ ವರದಿಯಲ್ಲಿ ನಮ್ಮ ಕಣಶಿಲೆಯ ಗುಡ್ಡಗಳಿವೆ, ಎರೆಯಿದೆ, ಕೆಂಪು ಮಸಬಿದೆ, ವೇದಾವತಿಯೆಂಬ ಹಗರಿಯಿದೆ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರಿನ ಸಮೃದ್ಧಿಯನ್ನು ಕಂಡು ಬೆರಗಾಗಿ, ಅದರ ಹಿರಿಮೆಯನ್ನು ಅವರು ಮುಕ್ತವಾಗಿ ದಾಖಲಿಸಿದರು. ಗುಡ್ಡದ ಕಬ್ಬಿಣವನ್ನು ಕುಲುಮೆಯಲ್ಲಿ ಕರಗಿಸುವ ವಿದ್ಯೆ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇತ್ತು. ಅದು ನಶಿಸುತ್ತಿದ್ದ ಕಾಲವದು.

ಕಲ್ಲಿನ ನಡುವೆ ಮನುಷ್ಯನ ಹೆಜ್ಜೆಯನ್ನು ಹುಡುಕುವ ಅವರ ಚಟ ಇಲ್ಲಿಯೂ ಬಿಡಲಿಲ್ಲ. ಬಳ್ಳಾರಿಯ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಮೇಲೆ ನವಶಿಲಾಯುಗದ ಕೊಡಲಿಗಳ ದೊಡ್ಡದೊಂದು ಕಾರ್ಖಾನೆಯನ್ನೇ ಅವರು ಕಂಡರು. ಗುಡ್ಡವನ್ನು ಸೀಳಿಕೊಂಡು ಹೋಗುವ ಕಪ್ಪು ಡೋಲರೈಟ್ ಶಿಲೆಯ ಗೋಡೆಯಿಂದ ಕಲ್ಲು ಕಿತ್ತು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಪೂರ್ಣಗೊಂಡ ಕೊಡಲಿ, ಅರ್ಧಕ್ಕೆ ನಿಂತ ಕೊಡಲಿ, ಒಡೆದದ್ದಕ್ಕಾಗಿ ಬಿಸುಟ ಕೊಡಲಿ, ಕೊಡಲಿ ಉಜ್ಜಿದ ಗುಳಿ ಎಲ್ಲವೂ ಅಲ್ಲಿದ್ದವು. ಒಂದು ವಸ್ತು ಹೇಗೆ ತಯಾರಾಯಿತು ಎಂಬುದರ ಪ್ರತಿಯೊಂದು ಹಂತವನ್ನೂ ಹೀಗೆ ಒಂದೇ ಕಡೆ ಕಾಣುವುದು ಅಪರೂಪ.

ಬೂದಿದಿಬ್ಬಗಳ ವಿಚಾರ ಇನ್ನೂ ಸ್ವಾರಸ್ಯಕರ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಹತ್ತಿರ ಬೂದಿಯ ದೊಡ್ಡ ದಿಬ್ಬವೊಂದಿದೆ. ಇಂಥವು ಈ ಸೀಮೆಯಲ್ಲಿ ಅನೇಕ. ಇವು ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನಪದರ ನಂಬಿಕೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯೆಂದೇ ತೋರಿಸುತ್ತಾರೆ. ಸಾಮೂಹಿಕ ದಹನದ ಕುರುಹುಗಳೆಂದು ಊಹಿಸಿದ ವಿದ್ವಾಂಸರೂ ಇದ್ದರು. ಈ ದಿಬ್ಬಗಳಲ್ಲಿ ನವಶಿಲಾಯುಗದ ಕೊಡಲಿ, ಮಡಕೆಯ ಚೂರು, ದನಗಳ ಮೂಳೆ ಸಿಗುವುದನ್ನು ಗಮನಿಸಿದ ಫೂಟ್ ಅವರು, ಇವು ದನ ಸಾಕುತ್ತಿದ್ದ ಜನರ ದೊಡ್ಡಿಗಳಲ್ಲಿ ರಾಶಿಬಿದ್ದು ಸುಟ್ಟ ಸಗಣಿಯ ಬೂದಿಯೆಂಬ ನಿಲುವಿಗೆ ಬಂದರು. ಹಲವು ದಶಕಗಳ ನಂತರ ಪಾಲಮೂರು ಸೀಮೆಯ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಅವರು ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳನ್ನೂ ದೊಡ್ಡಿಯ ಬೇಲಿಗೂಟಗಳ ಕುಳಿಗಳನ್ನೂ ಕಂಡರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ದನ ಕಾಯ್ದ ನಮ್ಮ ಪೂರ್ವಿಕರ ಬದುಕು ಹೀಗೆ ಬೂದಿಯೊಳಗಿಂದ ಎದ್ದುಬಂತು.

ನಿವೃತ್ತಿ ಮತ್ತು ಕೊನೆಯ ದಿನಗಳು

1891ರಲ್ಲಿ ಸರ್ವೇಕ್ಷಣಾ ಇಲಾಖೆಯಿಂದ ನಿವೃತ್ತರಾದರೂ ಫೂಟ್ ಅವರು ಸುತ್ತಿಗೆಯನ್ನು ಕೆಳಗಿಡಲಿಲ್ಲ. ಬರೋಡಾ ಸಂಸ್ಥಾನದ ನೆಲವನ್ನು ಪರೀಕ್ಷಿಸಿ ಅದರ ಭೂಗರ್ಭ ಗ್ರಂಥವನ್ನು 1898ರಲ್ಲಿ ಹೊರತಂದರು. ಮೈಸೂರು ಸಂಸ್ಥಾನವು 1894ರಲ್ಲಿ ತನ್ನದೇ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಆರಂಭದ ಕಾರ್ಯಕ್ಕೂ ಅವರ ಅನುಭವ ಒದಗಿತು. ಅವರು ನೆಲೆಸಿದ್ದು ಸೇಲಂ ಬಳಿಯ ಏರ್ಕಾಡು ಬೆಟ್ಟದಲ್ಲಿ. ಜಲವರ್ಣದಲ್ಲಿ ಚಿತ್ರ ಬರೆಯುವುದೂ ಅವರಿಗೆ ಒಲಿದಿತ್ತು.

ನಾಲ್ಕು ದಶಕಗಳಲ್ಲಿ ನಾಲ್ಕುನೂರಕ್ಕೂ ಹೆಚ್ಚು ನೆಲೆಗಳಿಂದ ಅವರು ಕೂಡಿಸಿದ ಪ್ರಾಚೀನ ವಸ್ತುಗಳ ಸಂಗ್ರಹವನ್ನು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡಿತು. ಅದು ಇಂಗ್ಲೆಂಡಿಗೆ ಹೋಗದೆ ಈ ನೆಲದಲ್ಲಿಯೇ ಉಳಿದದ್ದು ನಮ್ಮ ಭಾಗ್ಯ. ಪ್ರತಿಯೊಂದು ವಸ್ತುವೂ ಯಾವ ಊರಿನದು, ಎಂಥ ನೆಲದಲ್ಲಿ ದೊರೆತದ್ದು ಎಂಬ ವಿವರಗಳೊಡನೆ ಅದರ ಪಟ್ಟಿಯನ್ನು ಇಳಿವಯಸ್ಸಿನಲ್ಲಿ ಕುಳಿತು ಸಿದ್ಧಪಡಿಸಿದರು. ಆದರೆ ಅಚ್ಚಾದ ಪುಸ್ತಕವನ್ನು ನೋಡುವ ಯೋಗ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ಕಾಲವಾದರು; ಪಟ್ಟಿ 1914ರಲ್ಲಿ, ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿ ಹೊರಬಂದವು. ಅವರ ಸ್ಮಾರಕ ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ. ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಅವರನ್ನು ಗೌರವಿಸುತ್ತಾರೆ.

ಒಂದು ಅವಲೋಕನ

ಮಹನೀಯರ ಚರಿತ್ರೆ ಬರೆಯುವಾಗ ಅವರ ತಪ್ಪುಗಳನ್ನು ಮುಚ್ಚಿಡಬಾರದು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ದಕ್ಷಿಣ ಭಾರತದಲ್ಲಿ ದೀರ್ಘಕಾಲದ ಶೂನ್ಯವಿತ್ತು, ಆ ಅವಧಿಯಲ್ಲಿ ಇಲ್ಲಿ ಜನರೇ ಇರಲಿಲ್ಲ ಎಂದು ಫೂಟ್ ಅವರು ಭಾವಿಸಿದ್ದರು. ನಂತರದ ಶೋಧಗಳು ಆ ನಡುವಿನ ಕಾಲದ ಜನರ ಸೂಕ್ಷ್ಮ ಶಿಲಾಯುಧಗಳನ್ನು ಎಲ್ಲೆಡೆ ಬೆಳಕಿಗೆ ತಂದು ಆ ಶೂನ್ಯವನ್ನು ತುಂಬಿವೆ. ಆದರೆ ಅವರನ್ನು ತಿದ್ದಲು ಬಂದವರಿಗೂ ಆಧಾರವಾದದ್ದು ಅವರೇ ಬರೆದಿಟ್ಟ ಸ್ಥಳವಿವರಗಳು. ತಪ್ಪನ್ನು ಕಂಡುಹಿಡಿಯಲು ಬೇಕಾದ ಸಾಕ್ಷ್ಯವನ್ನು ತಾನೇ ಒದಗಿಸಿ ಹೋಗುವುದು ನಿಜವಾದ ವಿದ್ವಾಂಸನ ಲಕ್ಷಣ.

ಇನ್ನೊಂದು ಮಾತನ್ನೂ ಹೇಳಬೇಕು. ಅವರ ನಕ್ಷೆಗಳು ಜ್ಞಾನಕ್ಕೆ ದಾರಿಯಾದಂತೆ ಲಾಭಕ್ಕೂ ದಾರಿಯಾದವು. ಕೋಲಾರದ ಚಿನ್ನವನ್ನು ಆಂಗ್ಲ ಕಂಪನಿಗಳು ಬಹುಕಾಲ ತೆಗೆದು ಸಾಗಿಸಿದವು. ಸ್ವತಂತ್ರ ಭಾರತದಲ್ಲಿಯೂ ಮುಂದುವರಿದ ಆ ಗಣಿ 2001ರಲ್ಲಿ ಮುಚ್ಚಿತು. ಸಂಡೂರು–ಬಳ್ಳಾರಿ ಸೀಮೆಯ ಕಬ್ಬಿಣದ ಗುಡ್ಡಗಳ ಕಥೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೊಸ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಅಗೆತ ಮಿತಿಮೀರಿ, ರಾಯದುರ್ಗ ಸೀಮೆಯ ಓಬಳಾಪುರದ ಬಳಿ ಎರಡು ರಾಜ್ಯಗಳ ಗಡಿಗುರುತೇ ವಿವಾದಕ್ಕೆ ಸಿಕ್ಕಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಬೇಕಾಯಿತು. ಕಲ್ಲನ್ನು ಓದುವ ಕಣ್ಣು ಒಂದು, ಕಲ್ಲನ್ನು ತೂಗುವ ಕಣ್ಣು ಇನ್ನೊಂದು. ಫೂಟ್ ಅವರನ್ನು ಕಳುಹಿಸಿದ ಸರ್ಕಾರಕ್ಕೆ ಎರಡನೆಯದು ಮುಖ್ಯವಾಗಿತ್ತು. ಅವರು ನಮಗೆ ಬಿಟ್ಟುಹೋದ ಆಸ್ತಿ ಮಾತ್ರ ಮೊದಲನೆಯದು.

ಆ ಆಸ್ತಿಯೂ ಇಂದು ಕರಗುತ್ತಿದೆ. ಬೂದಿದಿಬ್ಬಗಳ ಮಣ್ಣು ಗೊಬ್ಬರಕ್ಕೆಂದು ಗಾಡಿಗಳಲ್ಲಿ ಹೋಗಿದೆ. ಸಂಗನಕಲ್ಲು–ಕಪ್ಪಗಲ್ಲು ಗುಡ್ಡಕ್ಕೆ ಕಲ್ಲುಗಣಿಯ ಸಿಡಿಮದ್ದು ತಾಗಿದೆ. ಸಾವಿರಾರು ವರ್ಷಗಳ ಹಿಂದೆ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಚಿತ್ರಗಳಿಗೂ ಧಕ್ಕೆಯಾಗಿದೆ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರನ್ನೇ ಹೊತ್ತ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವೊಂದು ರೂಪುಗೊಂಡಿರುವುದು ಈ ನಡುವೆ ಸಮಾಧಾನದ ಸಂಗತಿ. ಅದರ ಹಿಂದೆ ಧಾರವಾಡದ ಪುರಾತತ್ವಜ್ಞ ಪ್ರೊ. ರವಿ ಕೋರಿಶೆಟ್ಟರ ಅವರ ದೀರ್ಘ ಪರಿಶ್ರಮವಿದೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಹೋದವು. ಅಂದಿನಿಂದ ಎರಡೂ ಕಡೆಯ ಪಠ್ಯಪುಸ್ತಕಗಳು ಬೇರೆ, ನಕ್ಷೆಗಳು ಬೇರೆ. ಗಡಿಯಾಚೆ ಉಳಿದ ನಾವು ನಮ್ಮ ನುಡಿಯನ್ನು ಈ ಶಾಲೆಯ ಗೋಡೆಗಳೊಳಗೆ ಐವತ್ತು ವರ್ಷ ಕಾಪಾಡಿಕೊಂಡು ಬಂದಿದ್ದೇವೆ. ಆದರೆ ಫೂಟ್ ಅವರ 1895ರ ವರದಿಯಲ್ಲಿ ಈ ಊರುಗಳೆಲ್ಲ ಇನ್ನೂ ಒಂದೇ ರಟ್ಟಿನ ನಡುವೆ ಇವೆ. ಅವರು ಗುರುತಿಸಿದ ಪೆನ್ನಾರ್–ಹಗರಿ ಪಟ್ಟಿಗೆ ಯಾವ ಗಡಿಯ ಕಲ್ಲೂ ಅಡ್ಡಬರುವುದಿಲ್ಲ. ನೆಲದಡಿಯ ಈ ನಂಟನ್ನು ತಿಳಿದ ಮನಸ್ಸು ನೆರೆಯ ತೆಲುಗು ಬಂಧುಗಳೊಡನೆ ಸ್ನೇಹದಿಂದಲೂ, ತನ್ನ ನುಡಿಯ ಬಗ್ಗೆ ಕೀಳರಿಮೆಯಿಲ್ಲದೆಯೂ ಬಾಳಬಲ್ಲದು.

ಫೂಟ್ ಅವರ ವಿದ್ಯೆಯ ಮೂಲಪಾಠ ಬಹು ಸರಳ. ಕಾಲ ಬಳಿಯ ಕಲ್ಲನ್ನು ಗಮನಿಸು, ಅದು ಎಲ್ಲಿತ್ತು ಎಂಬುದನ್ನು ಮೊದಲು ಬರೆದುಕೊ, ಆಮೇಲೆ ಮುಟ್ಟು. ಸ್ಥಳ ತಪ್ಪಿದ ಕಲ್ಲು ಮೂಕವಾಗುತ್ತದೆ. ಹೊಲ ಉಳುವಾಗ, ಬಾವಿ ತೋಡುವಾಗ, ದನ ಮೇಯಿಸುವಾಗ ನಿಮಗೆ ನುಣುಪಾದ ಕಲ್ಲಿನ ಕೊಡಲಿಯೊಂದು ಸಿಗಬಹುದು. ಅದನ್ನು ಎಸೆಯಬೇಡಿ, ಮಾರಬೇಡಿ. ಸಿಕ್ಕ ಜಾಗವನ್ನು ಗುರುತು ಹಾಕಿಟ್ಟು ಉಪಾಧ್ಯಾಯರಿಗೆ ತಿಳಿಸಿ. ನೂರು ವರ್ಷಗಳ ಹಿಂದೆ ಪರದೇಶದವರೊಬ್ಬರು ಬಂದು ನಮ್ಮ ನೆಲವನ್ನು ನಮಗೆ ಓದಿ ಹೇಳಬೇಕಾಯಿತು. ಮುಂದಿನ ಪುಟಗಳನ್ನು ಓದುವ ಕಣ್ಣು ನಮ್ಮ ಈ ಶಾಲೆಯ ಅಂಗಳದಿಂದಲೇ ಮೂಡಿಬರಲಿ ಎಂಬುದೇ ಈ ಸುವರ್ಣ ಸಂಭ್ರಮದ ಸಂದರ್ಭದಲ್ಲಿ ನಮ್ಮ ಹಾರೈಕೆ.